ಅಮ್ಮನ ಮಾತು ನನ್ನ ಆ್ಯಪ್‌ನಲ್ಲಿ ಸಿಕ್ಕಿತು: ಸ್ಮಾರ್ಟ್ ಸ್ಪೀಕರ್ ಇರುವ ಮನೆಯಲ್ಲಿ ಒಪ್ಪಿಗೆ ಯಾರದ್ದು?

ಅಂಗಳದ ತುಳಸಿ
ಶನಿವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ರಾತ್ರಿಯಿಂದ ನಿದ್ದೆ ಬಂದಿಲ್ಲ.

ನಮ್ಮನೆ ಅಡುಗೆಮನೆ ಕಟ್ಟೆ ಮೇಲೆ, ಮಿಕ್ಸಿ ಪಕ್ಕದಲ್ಲಿ, ಒಂದು ಸ್ಮಾರ್ಟ್ ಸ್ಪೀಕರ್ ಇದೆ. ಎರಡು ವರ್ಷದ ಹಿಂದೆ ದೀಪಾವಳಿ ಆಫರ್‌ನಲ್ಲಿ ತಗೊಂಡಿದ್ದು. ಯಾವ ಕಂಪನಿದು ಅಂತ ಬರೆಯಲ್ಲ, ಯಾರನ್ನೋ ಬೈಯೋಕೆ ಅಂತ ಕೂತಿಲ್ಲ ನಾನು. ಹಾಡು, ಅಡುಗೆ ಟೈಮರ್, ಹಾಲ್‌ನ ಲೈಟು, ಇಷ್ಟಕ್ಕೇ ನಾವು ಬಳಸೋದು. ಅಮ್ಮ ಒಂದು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಮಂಡ್ಯ ಕಡೆಯವರು, ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಬಂದ ಹೊಸದರಲ್ಲಿ ಅದರ ಮುಂದೆ ನಿಂತು "ಒಂದು ದೇವರನಾಮ ಹಾಕಪ್ಪ" ಅಂತ ಕೇಳಿದ್ರು. ಮೂರ್ನಾಲ್ಕು ಸಲ ಕೇಳಿದ್ರು. ಅದಕ್ಕೆ ಅರ್ಥ ಆಗಲಿಲ್ಲ. ಅವತ್ತಿಂದ ಅಮ್ಮನ ಪಾಲಿಗೆ ಅದು ಕೆಟ್ಟು ಕೂತ ರೇಡಿಯೊ. ಅದು ಅಲ್ಲಿದೆ ಅನ್ನೋದನ್ನೇ ಮರೆತುಬಿಟ್ಟಿದ್ದಾರೆ.

ನಿನ್ನೆ ರಾತ್ರಿ ಬೇರೆ ಏನೋ ಹುಡುಕ್ತಾ ಫೋನಲ್ಲಿರೋ ಆ ಸ್ಪೀಕರ್‌ನ ಆ್ಯಪ್‌ನಲ್ಲಿ ಹಳೆಯ ಧ್ವನಿಗಳ ಪಟ್ಟಿ ತೆರೆದೆ. ಅಂಥದ್ದೊಂದು ಪಟ್ಟಿ ಇರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ತಾರೀಖು, ಸಮಯ, ಕೆಳಗೆ ನಾವು ಹೇಳಿದ್ದು ಅಂತ ಅದು ಬರಕೊಂಡ ಇಂಗ್ಲಿಷ್ ಸಾಲು, ಪಕ್ಕದಲ್ಲಿ ಒತ್ತಿದರೆ ಕೇಳೋ ಗುರುತು. ನನ್ನದು, ನಮ್ಮೆಜಮಾನ್ರದು, ಮಗನದು. ನಡುವೆ ಒಂದು ಕಡೆ "ಹೆಲ್ ಬ್ಯಾಡ್ ಕ್ಯಾನ್ ಎ" ಅಂತ ಒಂದು ಸಾಲು. ಮಧ್ಯಾಹ್ನ 2:17. ಆ ಹೊತ್ತಿಗೆ ನಾವ್ಯಾರೂ ಮನೇಲಿರಲ್ಲ. ಒತ್ತಿದೆ.

ಅಮ್ಮ. ಫೋನಲ್ಲಿ ಚಿಕ್ಕಮ್ಮನ ಹತ್ರ ಮಾತಾಡ್ತಿದ್ದಾರೆ. ಹಿಂದೆ ಕುಕ್ಕರ್ ಉಸಿರು ಬಿಡೋ ಸದ್ದು. ಹನ್ನೊಂದು ಸೆಕೆಂಡು. ಕೊನೆಗೆ ದನಿ ತಗ್ಗಿಸಿ "ಅವಳಿಗೆ ಹೇಳ್ಬೇಡ ಕಣೆ" ಅಂತಾರೆ. ಅದನ್ನೇ ಅದು "ಹೆಲ್ ಬ್ಯಾಡ್ ಕ್ಯಾನ್ ಎ" ಅಂತ ಬರಕೊಂಡಿದೆ. ಆ "ಅವಳು" ನಾನೇ.

ಏನು ಮಾತು ಅಂತ ಇಲ್ಲಿ ಬರೆಯಲ್ಲ. ಅದು ಅಮ್ಮನದು. ನನಗೆ ಗೊತ್ತಾಗಬಾರದು ಅಂತ ಅಮ್ಮ ಒಂದು ವರ್ಷ ಕಾಪಾಡ್ಕೊಂಡು ಬಂದಿದ್ದು ನನಗೆ ಗೊತ್ತಾಗಿ ಹೋಗಿದೆ. ಆ ಪಟ್ಟಿ ಪೂರ್ತಿ ಕೆಳಗೆ ಹೋಗಿ ನೋಡಿದೆ. ಅಮ್ಮನ ದನಿ ಇನ್ನೂ ಒಂಬತ್ತು ಕಡೆ ಸಿಕ್ಕಿತು. ಮಿಕ್ಕಿದ್ದನ್ನ ಕೇಳಲಿಲ್ಲ, ಕೈ ಬರಲಿಲ್ಲ.

ಸ್ಪೀಕರ್ ಹಾಕುವಾಗ "ಒಪ್ಪುತ್ತೇನೆ" ಒತ್ತಿದವಳು ನಾನು. ಅಮ್ಮ ಏನನ್ನೂ ಒಪ್ಪಿಲ್ಲ. ಬೇಕಾಗಿ ಕೇಳಿದಾಗ ಅವರ ಭಾಷೆ ಅದಕ್ಕೆ ಬರಲಿಲ್ಲ, ಬೇಡದಿದ್ದಾಗ ಅದೇ ಭಾಷೆಯ ಮಾತನ್ನ ತೆಗೆದಿಟ್ಟುಕೊಂಡಿದೆ. ಇದು ಹೇಗಾಗುತ್ತೆ? ತಾಂತ್ರಿಕವಾಗಿ ಗೊತ್ತಿರೋರು ಹೇಳಿ. ಅಮ್ಮನಿಗೆ ಹೇಳಲೋ ಬೇಡವೋ, ಅದನ್ನೂ ಹೇಳಿ.

ಬೆಸುಗೆ ಕೋಲು
ಶನಿವಾರ, ಬೆಳಿಗ್ಗೆ 8:25

ತುಳಸಿ ಅವರೇ, ಓದಿ ಸಂಕಟ ಆಯ್ತು. ಹೇಗಾಗುತ್ತೆ ಅನ್ನೋದನ್ನ ನನಗೆ ಗೊತ್ತಿರುವಷ್ಟು ಹೇಳ್ತೀನಿ.

ಈ ಸ್ಪೀಕರ್‌ನ ಮೈಕ್ ಸದಾ ತೆರೆದಿರುತ್ತೆ, ಆದರೆ ಸದಾ ಕಳಿಸುತ್ತಾ ಇರಲ್ಲ. ಒಳಗೆ ಒಂದು ಸಣ್ಣ ಚಿಪ್ ಕೊನೆಯ ಕೆಲವೇ ಸೆಕೆಂಡಿನ ಶಬ್ದವನ್ನ ಇಟ್ಟುಕೊಂಡು, ಹೊಸದು ಬಂದ ಹಾಗೆ ಹಳೆಯದನ್ನ ಅಳಿಸ್ತಾ ಇರುತ್ತೆ. ಅದು ಹುಡುಕೋದು ಒಂದೇ ಒಂದು ಪದ, ತನ್ನ ಹೆಸರು. ಅಂಥ ಶಬ್ದ ಕಿವಿಗೆ ಬಿದ್ದ ತಕ್ಷಣ ಎದ್ದು, ಅಲ್ಲಿಂದ ಮುಂದಿನ ಮಾತನ್ನ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸುತ್ತೆ. ಮಾತನ್ನ ಅಕ್ಷರ ಮಾಡೋದು, ಅರ್ಥ ಹುಡುಕೋದು ಎಲ್ಲ ಅಲ್ಲಿ. ಮನೆಯಲ್ಲಿರೋ ಚಿಪ್‌ಗೆ ಯಾವ ಭಾಷೆಯೂ ಬರಲ್ಲ. ಅದು ಶಬ್ದದ ಆಕಾರ ನೋಡುತ್ತೆ, ಅಷ್ಟೇ. ಅಮ್ಮನ ಕನ್ನಡದಲ್ಲಿ ಎಲ್ಲೋ ಎರಡು ಪದ ಕೂಡಿದ ಜಾಗದಲ್ಲಿ ಆ ಹೆಸರಿನಂಥ ಶಬ್ದ ಹುಟ್ಟಿರುತ್ತೆ. ಎದ್ದಿದೆ. ಎದ್ದ ಮೇಲೆ ಕೇಳಿಸಿಕೊಂಡಿದ್ದಕ್ಕೆ ಇಂಗ್ಲಿಷ್ ಬಟ್ಟೆ ತೊಡಿಸಿದೆ.

ಇದು ಅಪರೂಪ ಅಂದ್ಕೋಬೇಡಿ. 2020ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸ್ಪೀಕರ್‌ಗಳ ಮುಂದೆ ಟಿವಿ ಧಾರಾವಾಹಿ ಓಡಿಸಿ ನೋಡಿದರು. ಯಾರೂ ಕರೆಯದೇ ದಿನಕ್ಕೆ 1.5 ರಿಂದ 19 ಸಲ ಎದ್ದವು. ಅದೇ ವರ್ಷ ಜರ್ಮನಿಯ ಬೋಖುಮ್‌ನ ಸಂಶೋಧಕರು ಹೀಗೆ ತಪ್ಪಾಗಿ ಎಬ್ಬಿಸೋ ಸಾವಿರಕ್ಕೂ ಹೆಚ್ಚು ಶಬ್ದಗಳನ್ನ ಪಟ್ಟಿ ಮಾಡಿದರು. "ಎಲೆಕ್ಷನ್" ಅಂದರೆ ಅಮೆಜಾನ್‌ನ ಅಲೆಕ್ಸಾ ಏಳುತ್ತೆ, "ಓಕೆ ಕೂಲ್" ಅಂದರೆ ಗೂಗಲ್‌ನ ಅಸಿಸ್ಟೆಂಟ್, "ಎ ಸಿಟಿ" ಅಂದರೆ ಆ್ಯಪಲ್‌ನ ಸಿರಿ. ಅವರು ನೋಡಿದ್ದು ಇಂಗ್ಲಿಷ್, ಜರ್ಮನ್, ಚೀನೀ ಮಾತುಗಳನ್ನ. ನಮ್ಮ ಅಡುಗೆಮನೆಯ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಕಡಲತಡಿ
ಶನಿವಾರ, ಬೆಳಿಗ್ಗೆ 9:02

ಎಂತ ಮಾರಾಯ್ರೇ, ಇದು ಸ್ಪೀಕರ್ ಮಾತ್ರ ಅಲ್ಲ. ನಮ್ಮ ಫೋನೇ ಕೇಳ್ತಾ ಉಂಟು. ಮೊನ್ನೆ ಮನೆಯಲ್ಲಿ ಗ್ರೈಂಡರ್ ಹಾಳಾಗಿದೆ ಅಂತ ಮಾತಾಡಿದ್ದು, ಸಂಜೆಗೆ ಗ್ರೈಂಡರ್ ಜಾಹೀರಾತು ಬಂತು. ಬಾಯಲ್ಲಿ ಹೇಳಿದ್ದು ಮಾತ್ರ, ಹುಡುಕಿದ್ದೂ ಇಲ್ಲ, ಎಂತದೂ ಇಲ್ಲ.

ಬೆಸುಗೆ ಕೋಲು
ಶನಿವಾರ, ಬೆಳಿಗ್ಗೆ 9:20

ಕಡಲತಡಿ, ಈ ಅನುಭವ ಬಹಳ ಜನ ಹೇಳ್ತಾರೆ, ಅದನ್ನ ಸುಳ್ಳು ಅನ್ನಲ್ಲ. ಆದರೆ ಕಾರಣ ಬೇರೆ ಇರಬಹುದು. 2018ರಲ್ಲಿ ನಾರ್ತ್‌ಈಸ್ಟರ್ನ್‌ನವರೇ 17,000ಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನ ಪರೀಕ್ಷೆ ಮಾಡಿದರು. ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕಳಿಸಿದ ಒಂದು ಆ್ಯಪ್ ಕೂಡ ಸಿಗಲಿಲ್ಲ. ಪರದೆ ಮೇಲೆ ನಾವು ಮಾಡ್ತಿರೋದನ್ನ ಚಿತ್ರ ತೆಗೆದು ಬೇರೆಯವರಿಗೆ ಕಳಿಸೋ ಆ್ಯಪ್‌ಗಳು ಸಿಕ್ಕವು. ನಿಮ್ಮ ಮನೆಯಲ್ಲೇ ಅದೇ ವೈಫೈಯಲ್ಲಿ ಇನ್ಯಾರೋ ಗ್ರೈಂಡರ್ ರಿಪೇರಿ ಹುಡುಕಿದ್ದರೆ ಸಾಕು, ನಿಮ್ಮ ಫೋನಿಗೂ ಜಾಹೀರಾತು ಬರುತ್ತೆ. ತುಳಸಿ ಅವರದ್ದು ಊಹೆ ಅಲ್ಲ. ಅವರ ಕೈಯಲ್ಲಿ ತಾರೀಖು ಸಮೇತ ಧ್ವನಿ ಇದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ನಿಜವಾದ ದೂರಿನ ತೂಕ ಕಡಿಮೆಯಾಗುತ್ತೆ.

ಐಂಡ್‌ಹೋವನ್ ಕನ್ನಡಿಗ
ಶನಿವಾರ, ಮಧ್ಯಾಹ್ನ 1:15

ನಾನು ಹತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. 2019ರ ಜುಲೈ ಚೆನ್ನಾಗಿ ನೆನಪಿದೆ. ಬೆಲ್ಜಿಯಂನ ವಿಆರ್‌ಟಿ ಸುದ್ದಿವಾಹಿನಿಗೆ ಗೂಗಲ್ ಅಸಿಸ್ಟೆಂಟ್‌ನ ಸಾವಿರಕ್ಕೂ ಹೆಚ್ಚು ಡಚ್ ಧ್ವನಿ ತುಣುಕುಗಳು ಸಿಕ್ಕಿದ್ದವು. ಅದರಲ್ಲಿ 153 ತುಣುಕು ಯಾರೂ ಕರೆಯದೆ ರೆಕಾರ್ಡ್ ಆದವು. ಮಲಗುವ ಕೋಣೆಯ ಮಾತು, ಮಕ್ಕಳ ಜೊತೆಗಿನ ಮಾತು. ವರದಿಗಾರರು ತುಣುಕಿನಲ್ಲಿದ್ದ ವಿಳಾಸ ಹಿಡಿದು ಕೆಲವರ ಮನೆಗೆ ಹೋಗಿ ಅವರದೇ ದನಿ ಅವರಿಗೆ ಕೇಳಿಸಿದರು. ಒಟ್ಟು ಧ್ವನಿಯಲ್ಲಿ ಶೇ. 0.2ರಷ್ಟನ್ನು ಮಾತ್ರ ಭಾಷಾ ತಜ್ಞರು ಕೇಳುತ್ತಾರೆ ಎಂದು ಗೂಗಲ್ ಹೇಳಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಅಲೆಕ್ಸಾದ ಧ್ವನಿಗಳನ್ನು ಸಾವಿರಾರು ಜನ ಕೂತು ಕೇಳುತ್ತಾರೆ ಎಂದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆದಿತ್ತು. ಅವರು ಕೂತಿದ್ದ ಜಾಗಗಳು ಬಾಸ್ಟನ್, ಕೋಸ್ಟರಿಕಾ, ರೊಮೇನಿಯಾ, ಜೊತೆಗೆ ಭಾರತ. ಸಿರಿಯ ಧ್ವನಿಗಳನ್ನೂ ಜನ ಕೇಳುತ್ತಾರೆ ಎಂಬುದು ಹೊರಬಂದದ್ದೂ ಆ ಬೇಸಿಗೆಯಲ್ಲೇ. ಆ್ಯಪಲ್ ಆ ಕೆಲಸ ನಿಲ್ಲಿಸಿ ಕ್ಷಮೆ ಕೇಳಿತು, ಒಪ್ಪಿದವರ ಧ್ವನಿಯನ್ನಷ್ಟೇ ಕೇಳುತ್ತೇವೆ ಎಂದಿತು. ಸಿರಿ ಬಗ್ಗೆ ಹೂಡಿದ್ದ ಮೊಕದ್ದಮೆ 2025ರಲ್ಲಿ 9.5 ಕೋಟಿ ಡಾಲರ್‌ಗೆ ರಾಜಿಯಾಯಿತು, ತಪ್ಪು ಮಾಡಿದ್ದೇವೆ ಎಂದು ಕಂಪನಿ ಒಪ್ಪಲಿಲ್ಲ. 2019ರಲ್ಲಿ ಆ ಸುದ್ದಿಗಳು ಬಂದಾಗ ಇಲ್ಲಿ ಆಫೀಸಿನಲ್ಲಿ ಎಲ್ಲರೂ ವಾರಗಟ್ಟಲೆ ಅದೇ ಮಾತಾಡಿದರು. ನಾನಂತೂ ಆ ದಿನ ಯೋಚಿಸಿದ್ದು ಊರಿನ ಮನೆಯ ಬಗ್ಗೆ. ಹಿಂದಿನ ತಿಂಗಳಷ್ಟೇ ಅಪ್ಪನಿಗೆ ಅಂಥದೇ ಒಂದನ್ನು ಕಳಿಸಿಕೊಟ್ಟಿದ್ದೆ.

ಕಿವಿಗೊಟ್ಟವ
ಶನಿವಾರ, ರಾತ್ರಿ 11:48

ಈ ಎಳೆಯಲ್ಲಿ ಬರೆಯಬೇಕೋ ಬೇಡವೋ ಅಂತ ಇಡೀ ದಿನ ಯೋಚನೆ ಮಾಡಿದೆ. ಹೀಗೆ ಕೂತು ಧ್ವನಿ ಕೇಳೋ ಕೆಲಸ ಮಾಡಿದವರಲ್ಲಿ ನಾನೂ ಒಬ್ಬ. ಯಾವ ಕಂಪನಿ ಅಂತ ಕೇಳಬೇಡಿ, ಹೇಳಲ್ಲ. ಹೇಳೋ ಹಾಗೂ ಇಲ್ಲ, ಸಹಿ ಮಾಡಿದ್ದೀನಿ.

ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿದ್ದ ಕಾಲ. ಬೆಂಗಳೂರಲ್ಲಿ ರಾತ್ರಿ ಪಾಳಿ. ಹೆಡ್‌ಫೋನ್ ಹಾಕ್ಕೊಂಡು ಕೂತ್ಕೊಳ್ಳೋದು. ಒಂದು ತುಣುಕು ಬರುತ್ತೆ, ಯಂತ್ರ ಅದನ್ನ ಏನಂತ ಬರಕೊಂಡಿದೆ ಅಂತ ಕೆಳಗೆ ಕಾಣುತ್ತೆ, ನಾವು ಸರಿ ಮಾಡಬೇಕು. ಹೆಸರು ವಿಳಾಸ ಏನೂ ಕಾಣಲ್ಲ, ಒಂದು ನಂಬರ್ ಅಷ್ಟೇ. ಬಹುಪಾಲು ಬರೀ ಹಾಡು, ಹವಾಮಾನ, ಅಲಾರಂ. ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟುತ್ತೆ.

ನಮಗೆ ಕೊಟ್ಟಿದ್ದು ಇಂಗ್ಲಿಷ್ ಕೆಲಸ. ಬೇರೆ ಭಾಷೆ ಬಂದರೆ ಬರೆಯೋ ಹಾಗಿಲ್ಲ. ಪಟ್ಟಿಯಲ್ಲಿ "ಬೇರೆ ಭಾಷೆ" ಅನ್ನೋ ಗುಂಡಿ ಒತ್ತಿ ಮುಂದಕ್ಕೆ ಹೋಗಬೇಕು. ಪಕ್ಕದಲ್ಲಿ ಕೂತಿದ್ದ ಒಡಿಶಾದ ಹುಡುಗನಿಗೆ ಕನ್ನಡದ ತುಣುಕು ಬಂದರೆ ಅದು ಬರೀ ಶಬ್ದ. ನನಗೆ ಬಂದರೆ? ಗುಂಡಿ ಒತ್ತೋದಕ್ಕೆ ಮೊದಲೇ ಮಾತು ಅರ್ಥ ಆಗಿರುತ್ತೆ. ಒಂದು ಸಲ ಒಬ್ಬ ಅಜ್ಜಿ ಮೊಮ್ಮಗುಗೆ ಊಟ ಮಾಡಿಸ್ತಾ ಇದ್ದರು, ನಮ್ಮ ತುಮಕೂರು ಕಡೆಯ ರಾಗ. ಇನ್ನೊಂದು ಸಲ ಒಬ್ಬ ಹೆಂಗಸು ಅಳ್ತಿದ್ದರು, ಯಾರಿಗೋ "ನಾನು ಅಲ್ಲಿಗೆ ವಾಪಸ್ ಹೋಗಲ್ಲ" ಅಂತ ಹೇಳ್ತಿದ್ದರು. ಅಷ್ಟೇ, ತುಣುಕು ಮುಗೀತು. ನಾನು "ಬೇರೆ ಭಾಷೆ" ಅಂತ ಒತ್ತಿದೆ. ಅವರು ಯಾರು, ಆಮೇಲೆ ಏನಾದರು, ನನಗೆ ಇವತ್ತಿಗೂ ಗೊತ್ತಿಲ್ಲ. ಕಂಪನಿಯ ಲೆಕ್ಕದಲ್ಲಿ ಆ ಮಾತನ್ನ ಯಾರೂ ಕೇಳಿಲ್ಲ. ನಾನು ಕೇಳಿದ್ದೀನಿ.

ತುಳಸಿ ಅಕ್ಕ, ನಿಮ್ಮ ಅಮ್ಮನ ಮಾತು ನಮ್ಮಂಥವರ ಕಿವಿಗೆ ಬಿದ್ದೇ ಇರುತ್ತೆ ಅಂತ ಹೇಳ್ತಿಲ್ಲ, ಕೋಟಿಗಟ್ಟಲೆ ತುಣುಕಲ್ಲಿ ಆರಿಸೋದು ಸ್ವಲ್ಪವೇ. ನನ್ನ ಮನಸ್ಸಲ್ಲಿ ಇದ್ದಿದ್ದನ್ನ ಹೇಳಬೇಕಿತ್ತು, ಹೇಳಿದೆ.

ಟ್ರಂಕ್ ಕಾಲ್
ಭಾನುವಾರ, ಬೆಳಿಗ್ಗೆ 6:10

ತಮ್ಮಾ ಕಿವಿಗೊಟ್ಟವ, ನೀ ಬರದದ್ದು ಓದಿ ನನಗ ನನ್ನ ನೌಕರಿ ನೆನಪಾತು. ನಾ ಹುಬ್ಬಳ್ಳಿ ಎಕ್ಸ್‌ಚೇಂಜಿನ್ಯಾಗ ಟ್ರಂಕ್ ಆಪರೇಟರ್ ಇದ್ದೆ, 1979ರಿಂದ. ಕಿವಿಗೆ ಹೆಡ್‌ಸೆಟ್, ಮುಂದ ಬೋರ್ಡು, ಎರಡೂ ಕೈಯಾಗ ಕಾರ್ಡು. ಮುಂಬೈಕ್ಕ, ಪುಣೆಕ್ಕ, ಸೊಲ್ಲಾಪುರಕ್ಕ ಲೈನ್ ಹಚ್ಚೂದು. ಲೈನ್ ಹತ್ತಿತೋ ಇಲ್ಲೋ ನೋಡ್ಲಿಕ್ಕೆ ನಡುವ ಕೇಳಬೇಕಾಗ್ತಿತ್ತು. ಸಾವು, ಹುಟ್ಟು, ಲಗ್ನ ಮುರದದ್ದು, ರೊಕ್ಕ ಮುಳುಗಿದ್ದು, ಎಲ್ಲಾ ಕಿವಿಗೆ ಬೀಳ್ತಿತ್ತು. ಹೊರಗ ಒಂದ್ ಮಾತೂ ಆಡೂ ಹಂಗಿರಲಿಲ್ಲ. ಆಡಿದ್ರ ನೌಕರಿ ಅಷ್ಟ ಅಲ್ಲ, ಜೇಲಿನ ಮಾತು.

ಆದ್ರ ಒಂದು ಫರಕ್ ಐತಿ ನೋಡ್ರಿ. ಫೋನ್ ಮಾಡಾವ್ರಿಗೆ ನಾವು ಅದೀವಿ ಅಂತ ಗೊತ್ತಿರ್ತಿತ್ತು. "ನಮಸ್ಕಾರ್ರೀ ಅಕ್ಕಾರ, ಪುಣೆ ಕೊಡ್ರಿ" ಅಂತ ಮೊದಲ ನಮ್ಮ ಕೂಡ ಮಾತಾಡ್ತಿದ್ರು. ಗುಟ್ಟಿನ ಮಾತು ಬಂತಂದ್ರ "ಅದನ್ನ ಪತ್ರದಾಗ ಬರೀತೀನಿ" ಅಂತ ತಮ್ಮಷ್ಟಕ್ಕ ತಾವ ನಿಲ್ಲಸ್ತಿದ್ರು. ಒಬ್ಬ ಮುದುಕಿ ಇದ್ಲು, ವಾರಕ್ಕೊಮ್ಮೆ ಮಗನಿಗೆ ಮಾಡಾಕಿ. ಮಾತು ಮುಗದ ಮ್ಯಾಲೆ "ಕೇಳಿದ್ಯಲ್ಲವಾ, ಯಾರಿಗೂ ಹೇಳಬ್ಯಾಡ" ಅಂತ ನನಗ ಹೇಳಿ ಇಡ್ತಿದ್ಲು. ಆಕಿಗೆ ನಾ ಯಾರು, ಹೆಂಗ ಅದೀನಿ ಗೊತ್ತಿಲ್ಲ. ಆದ್ರೂ ಒಬ್ಬಾಕಿ ಮನಶಾಳು ಕುಂತಾಳ ಅಂತ ಗೊತ್ತಿತ್ತು.

ತುಳಸಿ, ನಿಮ್ಮ ಅವ್ವನ ಹತ್ರ ಆ ಡಬ್ಬಿ "ನಾ ಅದೀನಿ" ಅಂತ ಹೇಳಲಿಲ್ಲ. ನೀವೂ ಹೇಳಲಿಲ್ಲ. ಈಗರೆ ಹೇಳ್ರಿ. ತಡಾ ಮಾಡಬ್ಯಾಡ್ರಿ.

ಕರಿಕೋಟು
ಭಾನುವಾರ, ಬೆಳಿಗ್ಗೆ 10:30

ಟ್ರಂಕ್ ಕಾಲ್ ಮೇಡಂ ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಸಂದೇಶವನ್ನು ಬಯಲು ಮಾಡಿದ ನೌಕರನಿಗೆ ಶಿಕ್ಷೆಯಿತ್ತು.

ಈಗಿನ ಸ್ಥಿತಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಹಾಕಿದ ಅರ್ಜಿ. ದೇಶದ ಯಾವ ಮೂಲೆಯಲ್ಲಿ ಖಾಸಗಿತನದ ಕೇಸು ನಡೆದರೂ ಇವತ್ತು ಅವರ ಹೆಸರು ಬರುತ್ತದೆ. ನಮ್ಮ ಬೆಂಗಳೂರಿನ ಒಬ್ಬ ಹಿರಿಯರು ನಮಗೆಲ್ಲ ಗಳಿಸಿಕೊಟ್ಟ ಹಕ್ಕು ಅದು, ಈ ಮಾತನ್ನು ಹೇಳುವಾಗಲೆಲ್ಲ ನನಗೆ ಎದೆ ತುಂಬುತ್ತದೆ. 2024ರಲ್ಲಿ ಅವರು ತೀರಿಕೊಂಡರು.

ಆ ತೀರ್ಪಿನ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ಅದರಲ್ಲಿ ನಮಗೆ ಬೇಕಾದ ಎರಡು ಸಂಗತಿಗಳಿವೆ. ಒಪ್ಪಿಗೆ ಎಂದರೆ ತಿಳಿದು, ಸ್ಪಷ್ಟವಾಗಿ, ತಾನಾಗಿ ಕೊಟ್ಟ ಒಪ್ಪಿಗೆ. ಮತ್ತು ಆ ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು. ಕನ್ನಡ ಅದರಲ್ಲಿದೆ. ಸ್ಪೀಕರ್‌ಗೆ ಕನ್ನಡ ಬರದಿದ್ದರೂ ಅದರ ಕಂಪನಿ ಕನ್ನಡದಲ್ಲಿ ಕೇಳಬೇಕಾಗುತ್ತದೆ.

ಆದರೆ ತುಳಸಿಯವರ ನೋವು ಇರುವ ಜಾಗಕ್ಕೆ ಈ ಕಾಯ್ದೆ ಬರುವುದಿಲ್ಲ. ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯೊಳಗಿನ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆ ಅನ್ವಯಿಸದು ಎಂದು ಮೂರನೇ ಸೆಕ್ಷನ್ನಿನಲ್ಲೇ ಬರೆದಿದೆ. ಕಂಪನಿ ಮತ್ತು ಅಮ್ಮನ ನಡುವೆ ಕಾನೂನು ಉಂಟು. ಮಗಳು ಮತ್ತು ಅಮ್ಮನ ನಡುವೆ ಇಲ್ಲ. ಖಾತೆ ಯಾರ ಹೆಸರಲ್ಲಿದೆಯೋ ಅವರು ಮನೆಯವರೆಲ್ಲರ ಮಾತನ್ನು ತೆರೆದು ಕೇಳಬಹುದು. ಗಂಡನ ಹೆಸರಲ್ಲಿ ಖಾತೆಯಿದ್ದು ಹೆಂಡತಿ ತವರಿಗೆ ಫೋನ್ ಮಾಡುವ ಮನೆ ಎಷ್ಟಿಲ್ಲ? ನನ್ನ ಬಳಿ ಬರುವ ಕೌಟುಂಬಿಕ ಪ್ರಕರಣಗಳಲ್ಲಿ ಫೋನಿನ ರೆಕಾರ್ಡಿಂಗ್ ಆಗಲೇ ಮಾಮೂಲಾಗಿದೆ. ಕಂಪನಿಗಿಂತ ನನಗೆ ಇದರದೇ ಹೆಚ್ಚು ಭಯ.

ಕಡಲತಡಿ
ಭಾನುವಾರ, ಬೆಳಿಗ್ಗೆ 11:05

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ನನ್ನದೇ ನಂಬರ್ ಉಂಟು. ಅಡುಗೆಮನೆಯ ಕ್ಯಾಮೆರಾಕ್ಕೂ ಮೈಕ್ ಉಂಟು, ಕೆಲಸಕ್ಕೆ ಬರುವ ಅಕ್ಕನಿಗೆ ನಾವು ಅದನ್ನು ಹೇಳಿದ್ದೇ ಇಲ್ಲ. ಇವತ್ತೇ ಹೇಳ್ತೇನೆ.

ಬಿಳಿಕೋಲು
ಭಾನುವಾರ, ಸಂಜೆ 4:40

ಎಲ್ಲರ ಮಾತೂ ಕೇಳಿಸಿಕೊಂಡೆ. ನಿಜಕ್ಕೂ ಕೇಳಿಸಿಕೊಂಡೆ, ನನ್ನ ಫೋನು ಓದಿ ಹೇಳ್ತು. ನನಗೆ ಕಣ್ಣು ಕಾಣಿಸಲ್ಲ, ದಾವಣಗೆರೆಯವನು, ಶಾಲಾ ಮೇಷ್ಟ್ರು.

"ಕಿತ್ತು ಎಸೀರಿ" ಅಂತ ಯಾರಾದರೂ ಬರೆಯೋದಕ್ಕೆ ಮೊದಲು ಇದನ್ನ ಹೇಳಬೇಕು ಅನ್ನಿಸ್ತು. ನಮ್ಮ ಮನೆಯಲ್ಲಿ ಸ್ಪೀಕರ್ ಬಂದ ಮೇಲೆ ನಾನು ಯಾರನ್ನೂ ಎಬ್ಬಿಸದೇ ಟೈಮ್ ತಿಳ್ಕೋತೀನಿ. ಫ್ಯಾನ್ ಸ್ವಿಚ್‌ಗೆ ಗೋಡೆ ತಡವಲ್ಲ. ಪೇಪರ್ ಓದಿ ಹೇಳು ಅಂತ ಮಗಳನ್ನ ಕಾಯಲ್ಲ. ನನಗೆ ಖಾಸಗಿತನ ಅಂದರೆ ಇದೂ ಹೌದು. ಮೊದಲು ನನ್ನ ಬ್ಯಾಂಕ್ ಎಸ್‌ಎಂಎಸ್‌ನ ಪಕ್ಕದ ಮನೆ ಹುಡುಗ ಓದ್ತಿದ್ದ. ಈಗ ನಾನೇ ಕೇಳ್ತೀನಿ.

ಅದಕ್ಕೇ ನನಗೆ ಸಿಟ್ಟು ಬರೋದು. ಕಣ್ಣಿಲ್ಲದವನು ಸೌಲಭ್ಯ ಬೇಕಂದರೆ ಮನೆಯ ಮಾತೆಲ್ಲ ಒತ್ತೆ ಇಡಬೇಕು ಅನ್ನೋ ಕರಾರು ಯಾಕೆ? ಅದೂ ಇಂಗ್ಲಿಷ್ ಇಲ್ಲ ಹಿಂದಿಯಲ್ಲಿ ಕೇಳಬೇಕು. ಫೋನಿನಲ್ಲಿ ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡ ಬಂದಿದ್ದು 2019ರಲ್ಲಿ. ನನ್ನ ಸ್ಪೀಕರ್‌ಗೆ ಇನ್ನೂ ಕನ್ನಡ ಬಂದಿಲ್ಲ. ನಮ್ಮಮ್ಮನಿಗೂ ಈಗ ಕಣ್ಣು ಮಂಜು. ನಾನು ಮನೇಲಿಲ್ಲದಾಗ ಆಕೆ ಏನು ಮಾಡಬೇಕು?

ಆಫ್ ಮಾಡೋದಕ್ಕೂ ನನ್ನದೊಂದು ದೂರಿದೆ. ಮೈಕ್ ಮುಚ್ಚಿದರೆ ಕೆಂಪು ದೀಪ, ಕೇಳ್ತಿದ್ದರೆ ನೀಲಿ ದೀಪ ಅಂತಾರೆ. ನಾನು ದೀಪ ಇಟ್ಕೊಂಡು ಏನು ಮಾಡಲಿ? ಒಂದು ಗುಂಡಿ ಒತ್ತಿದರೆ ಒಳಗೆ ಹೋಗಿ ಕೂರಬೇಕು, ಬೆರಳಿಗೆ ಗೊತ್ತಾಗಬೇಕು.

ಬೆಸುಗೆ ಕೋಲು
ಭಾನುವಾರ, ರಾತ್ರಿ 9:15

ಬಿಳಿಕೋಲು ಸರ್, ಬೆರಳಿಗೆ ಗೊತ್ತಾಗೋ ಗುಂಡಿ ಬಗ್ಗೆ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಪಾಠ ಆಯ್ತು.

ಮೊದಲು ತುಳಸಿ ಅವರಿಗೆ ತುರ್ತಾಗಿ ಬೇಕಾದದ್ದು. ಆ್ಯಪ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಅಂತ ಇರುತ್ತೆ. ಅಲ್ಲಿ ಧ್ವನಿಯನ್ನ ಎಷ್ಟು ದಿನ ಇಡಬೇಕು ಅಂತ ಕೇಳುತ್ತೆ, "ಇಡಬೇಡ" ಅನ್ನೋ ಆಯ್ಕೆ ಇದ್ದರೆ ಅದನ್ನ ಹಾಕಿ. ಉತ್ತಮಪಡಿಸಲು ಮನುಷ್ಯರು ಕೇಳಬಹುದು ಅನ್ನೋ ಇನ್ನೊಂದು ಒಪ್ಪಿಗೆ ಬೇರೆ ಇರುತ್ತೆ, ಅದನ್ನ ತೆಗೆಯಿರಿ. ಯಾರ ದನಿ ಅಂತ ಗುರುತು ಹಿಡಿಯೋ ವ್ಯವಸ್ಥೆಗೆ ಅಮ್ಮನ ದನಿ ಸೇರಿದ್ದರೆ ಅದನ್ನೂ ಅಳಿಸಿ. ದನಿ ಅನ್ನೋದು ಬೆರಳಚ್ಚಿನ ಹಾಗೆ, ಪಾಸ್‌ವರ್ಡ್ ಥರ ಬದಲಾಯಿಸೋಕೆ ಆಗಲ್ಲ. ಇಷ್ಟು ಮಾಡಿದ ಮೇಲೂ ಧ್ವನಿ ಸರ್ವರ್‌ಗೆ ಹೋಗೇ ಹೋಗುತ್ತೆ, ಅಲ್ಲಿ ಉಳಿಯಲ್ಲ ಅನ್ನೋದು ಅವರ ಮಾತು. ಮಾತು ಮಾತೇ. 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅಮೆಜಾನ್ ಮೇಲೆ ಹೊರಿಸಿದ ಆರೋಪ ಇದೇ: ಮಕ್ಕಳ ಅಲೆಕ್ಸಾ ಧ್ವನಿಗಳನ್ನ ಉಳಿಸಿಕೊಂಡರು, ಅಪ್ಪ ಅಮ್ಮ ಅಳಿಸಿ ಅಂದರೂ ಪೂರ್ತಿ ಅಳಿಸಲಿಲ್ಲ. ಎರಡೂವರೆ ಕೋಟಿ ಡಾಲರ್ ದಂಡಕ್ಕೆ ಅದು ಇತ್ಯರ್ಥವಾಯ್ತು. ಅಮೆರಿಕದಲ್ಲಿ ಅಮೆಜಾನ್‌ನ ಕೆಲವು ಎಕೋ ಸ್ಪೀಕರ್‌ಗಳಿಗೆ ಧ್ವನಿಯನ್ನ ಮನೆಯಲ್ಲೇ ಅಕ್ಷರ ಮಾಡೋ ಆಯ್ಕೆ ಇತ್ತು. 2025ರ ಮಾರ್ಚ್ 28ರಿಂದ ಅದನ್ನೂ ತೆಗೆದರು. ಹೊಸ ಎಐ ಸೌಲಭ್ಯಕ್ಕೆ ಸರ್ವರ್ ಬೇಕು ಅನ್ನೋದು ಕಾರಣ.

ಇನ್ನು ನಾನು ಒಂದು ವರ್ಷದಿಂದ ಮಾಡ್ತಿರೋದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಮನೆಯ ಲೈಟು ಗೀಟು ನಡೆಸೋ ಹೋಮ್ ಅಸಿಸ್ಟೆಂಟ್ ಅನ್ನೋ ಮುಕ್ತ ತಂತ್ರಾಂಶ ಹಾಕಿದ್ದೀನಿ. ಟಿವಿ ಕೆಳಗೆ ಒಂದು ಸಣ್ಣ ಕಂಪ್ಯೂಟರ್. ಆ ತಂತ್ರಾಂಶದವರೇ 2024ರ ಡಿಸೆಂಬರ್‌ನಲ್ಲಿ 59 ಡಾಲರ್‌ಗೆ ಒಂದು ಮೈಕ್ ಪೆಟ್ಟಿಗೆ ತಂದರು. ಅದರ ಪಕ್ಕದಲ್ಲಿ ಜಾರಿಸೋ ಸ್ವಿಚ್ ಇದೆ, ಮೈಕ್‌ಗೆ ಹೋಗೋ ಕರೆಂಟನ್ನೇ ಕತ್ತರಿಸುತ್ತೆ. ಬಿಳಿಕೋಲು ಸರ್, ಅದು ಬೆರಳಿಗೆ ಗೊತ್ತಾಗುತ್ತೆ. ಮಾತನ್ನ ಅಕ್ಷರ ಮಾಡೋಕೆ ವಿಸ್ಪರ್ ಅನ್ನೋ ಎಐ ಮಾದರಿ, ಓಪನ್‌ಎಐನವರು 2022ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಕನ್ನಡ ಅದರ ಪಟ್ಟಿಯಲ್ಲಿದೆ. ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಅದರ ಸಣ್ಣ ಆವೃತ್ತಿ "ದೀಪ ಹಚ್ಚು" ಅಂದರೆ ಏನೇನೋ ಬರೆಯುತ್ತೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 22 ಭಾಷೆಗೆ ಮಾಡಿರೋ ಮುಕ್ತ ಮಾದರಿಗೆ ಬದಲಾಯಿಸಿದ ಮೇಲೆ ಬಹಳ ಸುಧಾರಿಸಿತು. ನಮ್ಮಮ್ಮ "ನಡುಮನೆ ಲೈಟ್ ಹಾಕು" ಅಂದರೆ ಹತ್ತುತ್ತೆ, ಎರಡು ಸೆಕೆಂಡು ತಡವಾಗಿ. ಮನೆಯ ಇಂಟರ್ನೆಟ್ ತಂತಿ ಕಿತ್ತಿಟ್ಟರೂ ಹತ್ತುತ್ತೆ. ಅದನ್ನ ಮೊದಲ ಸಲ ಕಿತ್ತು ನೋಡಿದ ರಾತ್ರಿ ನನಗಾದ ಖುಷಿ ಹೇಳತೀರದು.

ಎಲ್ಲರೂ ಮಾಡ್ಕೋಬಹುದಾದ್ದಲ್ಲ ಇದು, ಗೊತ್ತು. ಮೂರು ವಾರ ತಲೆ ಕೆಡಿಸ್ಕೊಂಡಿದ್ದೀನಿ.

ಐಂಡ್‌ಹೋವನ್ ಕನ್ನಡಿಗ
ಭಾನುವಾರ, ರಾತ್ರಿ 11:30

ಯಂತ್ರಕ್ಕೆ ಕಲಿಸಲು ಕನ್ನಡದ ಧ್ವನಿ ಸಾಲದು, ಅದಕ್ಕೇ ಯಂತ್ರಕ್ಕೆ ಕನ್ನಡ ಬರುತ್ತಿಲ್ಲ ಎಂದು ಕೇಳುತ್ತಲೇ ಬಂದಿದ್ದೇವೆ. ನಿಜವೇ. ಆದರೆ ಧ್ವನಿಯನ್ನು ಜನರ ಒಪ್ಪಿಗೆ ಕೇಳಿಯೇ ಪಡೆಯಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಗೂಗಲ್ ನೆರವಿನಿಂದ ನಡೆಯುತ್ತಿರುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಮಾತು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಇಡುತ್ತಿದೆ. ಬೆಂಗಳೂರಿನದೇ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಫೋನಿನಲ್ಲಿ ಕನ್ನಡ ವಾಕ್ಯ ಓದಿಸಿ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದೆ. ಓದುವವರಿಗೆ ತಾವು ಯಾಕೆ ಓದುತ್ತಿದ್ದೇವೆ ಎಂದು ಗೊತ್ತು, ಕೈಗೆ ಕಾಸೂ ಬರುತ್ತದೆ. ಅದೇ ಹಳ್ಳಿಯ ಹೆಂಗಸು ಬೆಂಗಳೂರಿನ ಮಗಳ ಮನೆಗೆ ಬಂದು ಅಡುಗೆಮನೆಯಲ್ಲಿ ಮಾತಾಡಿದರೆ ಆ ಧ್ವನಿ ಬಿಟ್ಟಿ, ಹೇಳದೆ ಕೇಳದೆ.

ಕಿವಿಗೊಟ್ಟವ
ಸೋಮವಾರ, ರಾತ್ರಿ 12:20

ಗಂಟೆಗೆ 5 ಡಾಲರ್. ನನಗೆ ರಾತ್ರಿ ಪಾಳಿಗೆ ಅಷ್ಟು ಸಿಗ್ತಿರಲಿಲ್ಲ. ಓದಿದವರಿಗೆ ಸಿಕ್ಕಿತಲ್ಲ, ಅದು ಸಂತೋಷ.

ಅಂಗಳದ ತುಳಸಿ
ಮಂಗಳವಾರ, ರಾತ್ರಿ 10:05

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ಎರಡು ದಿನ ಉತ್ತರ ಕೊಡೋಕೆ ಆಗಲಿಲ್ಲ. ಟ್ರಂಕ್ ಕಾಲ್ ಅಮ್ಮ, ನಿಮ್ಮ ಮಾತು ಓದಿದ ಮೇಲೆ ತಡ ಮಾಡಲಿಲ್ಲ. ಭಾನುವಾರ ಸಂಜೆ ಹೇಳಿದೆ.

ಅಮ್ಮ ಅವರೆಕಾಯಿ ಬಿಡಿಸ್ತಾ ಕೂತಿದ್ದರು. ಪಕ್ಕ ಕೂತು, ನಾನೂ ಎರಡು ಕಾಯಿ ಬಿಡಿಸಿ, ಆ ಡಬ್ಬ ಮಾತನ್ನ ಹಿಡಿದಿಡುತ್ತೆ, ಅದರಲ್ಲಿ ನಿಮ್ಮ ಮಾತೂ ಇದೆ, ಎಲ್ಲೋ ದೂರದ ಕಂಪ್ಯೂಟರ್‌ನಲ್ಲಿ ಇರುತ್ತೆ, ಯಾರೋ ಕೇಳಿರಲೂಬಹುದು ಅಂತ ನಿಧಾನಕ್ಕೆ ಹೇಳಿದೆ. ಅಮ್ಮ ತಲೆ ಎತ್ತಲಿಲ್ಲ. "ನೀನು ಕೇಳ್ದಾ?" ಅಂದರು.

ಹೂಂ ಅಂದೆ.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಮ್ಮ, "ಅವರು ಯಾರೋ ಕೇಳಿದ್ರೆ ಕೇಳ್ಕೊಳ್ಳಿ. ನಾನ್ಯಾರು ಅಂತ ಅವ್ರಿಗೇನು ಗೊತ್ತು. ನೀನು ಕೇಳ್ಬಾರ್ದಿತ್ತು" ಅಂದರು. ಕರಿಕೋಟು ಸರ್, ನೀವು ಬರೆದಿದ್ದನ್ನ ಅಮ್ಮ ಓದಿಲ್ಲ.

ಆ ವಿಚಾರ ಆಮೇಲೆ ನಾವಿಬ್ಬರೂ ಮಾತಾಡ್ಕೊಂಡ್ವಿ. ಅದು ಇಲ್ಲಿ ಬೇಡ.

ಉಳಿದ ಒಂಬತ್ತನ್ನ ನಾನು ಕೇಳಿಲ್ಲ. ಅಮ್ಮನ ಕೈಗೆ ಫೋನ್ ಕೊಟ್ಟು, ಇದನ್ನ ಒತ್ತಿದರೆ ಕೇಳುತ್ತೆ, ಇದನ್ನ ಒತ್ತಿದರೆ ಹೋಗುತ್ತೆ ಅಂತ ತೋರಿಸಿ ಆಚೆ ಹೋಗಿ ಬಾಲ್ಕನಿಯಲ್ಲಿ ನಿಂತಿದ್ದೆ. ಒಳಗಿಂದ ಅಮ್ಮನ ದನಿ ಸಣ್ಣಗೆ ಕೇಳ್ತಿತ್ತು, ನಿಲ್ತಿತ್ತು, ಮತ್ತೆ ಕೇಳ್ತಿತ್ತು. ಕಾಲು ಗಂಟೆ ಆದ ಮೇಲೆ ಕರೆದರು. ಆ ಒಂಬತ್ತರಲ್ಲಿ ಎಂಟು ಹೋಗಿತ್ತು, ಒಂದು ಉಳಿದಿತ್ತು. ಮೊಮ್ಮಗನಿಗೆ ಕಥೆ ಹೇಳ್ತಿರೋದು, "ಇದು ಇರ್ಲಿ, ಅವನು ದೊಡ್ಡವನಾದ್ಮೇಲೆ ಕೇಳ್ತಾನೆ" ಅಂದರು. ಹನ್ನೊಂದು ಸೆಕೆಂಡಿಂದೂ ಇರಲಿಲ್ಲ, ಅದನ್ನೇ ಮೊದಲು ಅಳಿಸಿದ್ದಂತೆ. ಕಥೆಯನ್ನ ನನ್ನ ಫೋನಿಗೆ ಇಳಿಸಿಕೊಂಡು, ಅಲ್ಲಿಂದ ಅದನ್ನೂ ತೆಗೆದೆ.

ಸ್ಪೀಕರ್‌ನ ಹಾಲ್‌ಗೆ ತಂದು ಟಿವಿ ಪಕ್ಕ ಇಟ್ಟಿದ್ದೀವಿ. ಹಗಲು ಹೊತ್ತು ಪ್ಲಗ್ ತೆಗೆದಿರುತ್ತೆ. ಇವತ್ತು ಚಿಕ್ಕಮ್ಮ ಫೋನ್ ಮಾಡಿದಾಗ ಅಮ್ಮ ಎದ್ದು ಹೋಗಿ ತಂತಿ ಬಿಚ್ಚಿದೆಯಾ ಅಂತ ನೋಡಿಕೊಂಡು ಬಂದರಂತೆ, ಮಗ ಹೇಳಿದ.

ಬೆಸುಗೆ ಕೋಲು ಅವರೇ, ನಿಮ್ಮ ಪೆಟ್ಟಿಗೆ ವಿಷಯ ಅಮ್ಮನಿಗೆ ಹೇಳಿದೆ. ಮನೆಯಿಂದ ಆಚೆ ಹೋಗಲ್ಲ, ಕನ್ನಡ ಬರುತ್ತೆ ಅಂದೆ. ದೇವರನಾಮ ಹಾಕುತ್ತಾ ಅಂತ ಕೇಳಿದ್ದಾರೆ. ಹೇಗೆ ಮಾಡಬೇಕು ಅಂತ ಸ್ವಲ್ಪ ವಿವರವಾಗಿ ಬರೀರಿ, ಮೂರು ವಾರ ಆದರೂ ಪರವಾಗಿಲ್ಲ.